ಕೌದಿಯ ಮೇಲೆ ನಡೆದ ಅಂತಾರಾಷ್ಟ್ರೀಯ ಪರಿಶೀಲನೆ

ಗೆಳೆಯರೇ, ಟೋಪಿ ಇದ್ದವರು ತೆಗೆದು ಓದಿ. ವಿದೇಶದಲ್ಲಿ ನಡೆಯುವ ವಿಶ್ವಮೇಳದ ಭಾರತದ ಮಳಿಗೆಗೆ ಕರಕುಶಲ ವಸ್ತು ಆರಿಸಲು ಇಂದು ಅಧಿಕಾರಿಯೊಬ್ಬರು ಸಂಪಗಾಂವದ ನಮ್ಮ ಪಡಸಾಲೆಗೆ ಬಂದಿದ್ದರು. ಸೋದರತ್ತೆ ಮತ್ತು ಅವಳ ಗೆಳತಿಯರು ಹಳೆ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಕೌದಿಯನ್ನು ಮುಂದಿಟ್ಟರು.

"ಇಷ್ಟ ದೊಡ್ಡದು ಬ್ಯಾಡ್ರಿ. ಕತ್ತರಿಸಿ ಟೇಬಲ್ ಮ್ಯಾಲೆ ಹಾಸೂವಂಗ ಮಾಡ್ರಿ. ಮೇಳಕ್ಕ ಬಂದವ್ರು ಇದನ್ನ ಏನ್ ಮಾಡ್ತಾರ?" ಎಂದರು ಸಾಹೇಬರು.

"ಮಲಗ್ತಾರ್ರಿ," ಅಂದಳು ಅತ್ತೆ. "ಕತ್ತರಿ ಹಚ್ಚಿದ್ರ ಅದು ಕೌದಿ ಅಲ್ರಿ, ನೆಲಾ ಒರಸೂ ಅರಬಿ."

"ಹಂಗಾದ್ರ ಇದನ್ನ ಕೈ ಬಿಡ್ತೇವ್ರಿ."

ಮಾತುಕತೆ ಮುರಿಯುವುದರಲ್ಲಿತ್ತು. ನಾನು ಪರಮ ಗಾಂಭೀರ್ಯದಿಂದ ನಡುವೆ ಬಂದು, "ಸಾಹೇಬ್ರ, ಮೊದಲ ಊಟ ಮಾಡ್ರಿ," ಎಂದೆ. ಬಿಸಿ ರೊಟ್ಟಿ, ಎಣ್ಣೆಗಾಯಿ, ಮೇಲೆ ದೊಡ್ಡ ಲೋಟದ ತುಂಬ ಮಜ್ಜಿಗೆ. ಆಮೇಲೆ ಆ ಕೌದಿಯನ್ನೇ ಹಾಸಿ, "ಒಂದೀಟು ಅಡ್ಡಾಗ್ರಿ," ಎಂದೆ.

ಸಂಜೆಯ ಚಹಾ ಕುದಿಯುವ ಹೊತ್ತಿಗೆ ಅವರು ಕಣ್ಣು ಬಿಟ್ಟರು. ಕೆನ್ನೆಯ ತುಂಬ ಹೊಲಿಗೆಯ ಗೆರೆಗಳು.

"ಇಡೀದನ್ನ ಕಳಸ್ರಿ," ಎಂದರು, ಅತ್ತೆಯ ಮುಖ ನೋಡದೆ.

"ಕಳಸ್ತೇವ್ರಿ," ಅಂದಳು ಅತ್ತೆ. "ಮೊದಲ ನೀವು ಅದರ ಮ್ಯಾಲಿಂದ ಏಳ್ರಿ."

ಭಾರತದ ಪಾಲ್ಗೊಳ್ಳುವಿಕೆಗೆ ಆ ಕ್ಷಣ ಉಳಿದಿದ್ದ ಅಡ್ಡಿ ಅದೊಂದೇ.