ರಸ್ತಾ ರೋಕೋ ದಿನದ ಎಣಿಕೆ

ಭಂಕೂರಿನ ಚಂದ್ರಕಲಾಗೆ ಏಳು ದಿನದ ಕೂಲಿ ಇನ್ನೂ ಬರಬೇಕು. ರೈಲ್ವೆ ಗೇಟಿನ ಪಕ್ಕ ಕುರ್ಚಿ ಹಾಕಿಕೊಂಡು ದಾಟುವ ಗಾಡಿಗಳನ್ನು ಎಣಿಸಿದ ಕೂಲಿ. ಎಣಿಕೆಯ ಗುತ್ತಿಗೆ ಹಿಡಿದವನು ಅವಳ ಫೋನು ಎತ್ತುವುದನ್ನೇ ಬಿಟ್ಟಿದ್ದಾನೆ.

ಅವಳಿಗೆ ಐವತ್ತೆರಡು. ಹದಿನೆಂಟರಿಂದ ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲಿಗೆ ಪಾಲಿಶ್ ಹಿಡಿಯುತ್ತಾಳೆ. ಮನೆಗೂ ಕೆಲಸಕ್ಕೂ ನಡುವೆ ಆ ಗೇಟು. ಗೂಡ್ಸ್ ಗಾಡಿ ಬಂದು ಅಡ್ಡ ನಿಂತರೆ ಮುಕ್ಕಾಲು ತಾಸು ಅಲ್ಲಾಡುವುದಿಲ್ಲ. ಹಾಜರಿ ತಪ್ಪೀತೆಂದು ಹೆಂಗಸರು ಡಬ್ಬಿಗಳ ಕೆಳಗೆ ನುಸುಳುತ್ತಾರೆ. ಹಾಗೆ ನುಸುಳುವಾಗಲೇ ಗಾಡಿ ಹೊರಟು ಜೊತೆಗಾತಿ ರಹೀಮಾಳ ಪಾದ ಹೋಯಿತು. ಅಂದಿನಿಂದ ಚಂದ್ರಕಲಾಗೆ ಬೇಕಾದದ್ದು ಒಂದೇ, ಮೇಲುಸೇತುವೆ. ಅದಕ್ಕಾಗಿ ಹೋರಾಟ ಸಮಿತಿಯ ಹಿಂದೆ ಚಿತ್ತಾಪುರ, ವಾಡಿ ಎಂದು ಹನ್ನೊಂದು ವರ್ಷ ತಿರುಗಿದಳು. ಸೇತುವೆ ಮಂಜೂರಾಗುವುದು ಹೇಗೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಗೇಟಿನಲ್ಲಿ ಎಣಿಕೆಗೆ ಕುಳಿತ ಮೊದಲ ದಿನ ಮೇಲ್ವಿಚಾರಕ ಶಹಾಬುದ್ದೀನ ಹೇಳಿದ.

"ಅಕ್ಕಾ, ಅರ್ಧ ರೊಕ್ಕ ಕೇಂದ್ರದ್ದು, ಅರ್ಧ ರಾಜ್ಯದ್ದು. ಆದ್ರ ಮೊದಲ ಲೆಕ್ಕ ಕೂಡಬೇಕು. ಇಲ್ಲಿ ದಿನಕ್ಕ ನೂರು ರೈಲು ಹೋಗ್ತಾವ. ಸಾವಿರ ಗಾಡಿ ದಾಟಿದ್ರ ಗುಣಿಸಿ ಲಕ್ಷ. ಲಕ್ಷ ಆದ್ರನೇ ಫೈಲು ದಿಲ್ಲಿಗಿ ಹೋಗದು. ಏಳು ದಿನದ ಸರಾಸರಿ ನೋಡ್ತಾರ."

"ನಡಕೋತ ಹೋಗವ್ರು?"

"ಅವ್ರಿಗಿ ಕಾಲಮ್ಮೇ ಇಲ್ರಿ. ಮೋಟರ್ ಸೈಕಲ್ ನಾಕು ಕೂಡಿದ್ರ ಒಂದು. ಎತ್ತಿನ ಬಂಡಿ ಪೂರಾ ಒಂದು."

"ಅಂದ್ರ ನನಗಿಂತ ಎತ್ತಿಗೇ ಕಿಮ್ಮತ್ತು ಜಾಸ್ತಿ ಅನ್ನು."

ಮೊದಲ ಎರಡು ದಿನ ಸಾವಿರದ ಎಂಬತ್ತರ ಹತ್ತಿರ ಬಂತು. ಚಂದ್ರಕಲಾ ಸಂಜೆ ನೇರ ಸಮಿತಿಯ ಮುಖಂಡ ಅಂಬರಾಯನ ಮನೆಗೆ ಹೋದಳು. "ಕಾಕಾ, ಎಣಿಕಿ ನಡದದ. ಈ ವಾರ ಎಲ್ಲಾರಿಗೂ ಗಾಡಿ ತಗೊಂಡು ಇದೇ ದಾರಿಲೆ ಬರಾಕ ಹೇಳ್ರಿ."

ಅಂಬರಾಯ ಕೇಳಿಸಿಕೊಂಡದ್ದು ಅರ್ಧ. "ಸರ್ಕಾರದವ್ರು ಬಂದಾರಾ? ಹಂಗಾದ್ರ ನಮ್ಮ ತಾಕತ್ತು ತೋರ್ಸೋಣು. ನಾಳಿಗೇ ರಸ್ತಾ ರೋಕೋ!"

ಇದು ತಪ್ಪೆಂದು ಅವಳಿಗೆ ಅನ್ನಿಸಿತು. ಆದರೆ ಹನ್ನೊಂದು ವರ್ಷ ಅವನ ಮಾತಿಗೆ ಹ್ಞೂಂ ಎಂದ ಬಾಯಿಗೆ 'ಬೇಡ' ಎನ್ನಲು ಬರಲಿಲ್ಲ.

ಮರುದಿನ ಸೇಡಂ, ಚಿಂಚೋಳಿಯಿಂದಲೂ ಮಂದಿ ಬಂದರು. ಎರಡು ಸಾವಿರ ಜನ ರಸ್ತೆ ತುಂಬ ಕುಳಿತರು. ಲಾರಿ, ಟ್ರ್ಯಾಕ್ಟರ್ ಎಲ್ಲ ಸುತ್ತಿನ ದಾರಿ ಹಿಡಿದವು. ರೈಲು ಮಾತ್ರ ತಮ್ಮ ಪಾಡಿಗೆ ಹೋಗುತ್ತಿದ್ದವು.

"ಏ ಚಂದ್ರಕಲಕ್ಕ, ನಮ್ಮನ್ನೂ ಬರಕೋ!" ಜೊತೆಗೆ ಪಾಲಿಶ್ ಹಿಡಿಯುವ ಗುಲ್ಶನ್ ಗುಂಪಿನಿಂದ ಕೂಗಿದಳು.

"ನಿನಗ ಗಾಲಿ ಎಲ್ಲಿ ಅವ ತಂಗಿ?"

ಆ ದಿನದ ಎಣಿಕೆ ಅರವತ್ತು. ವಿಷಯ ತಿಳಿದು ಅಂಬರಾಯ ಓಡಿಬಂದ. "ಒಂದು ಸೊನ್ನಿ ಕೂಡ್ಸವ್ವ. ಆರ್ನೂರು ಆದ್ರ ಸಾಕು, ಸರಾಸರಿ ದಾಟ್ತದ."

"ಮ್ಯಾಲ ಕ್ಯಾಮೆರಾ ಅದ, ನೋಡ್ರಿ."

ಅವಳೇನು ಸತ್ಯವಂತೆಯಲ್ಲ. ಕ್ಯಾಮೆರಾ ಇರದಿದ್ದರೆ ಎರಡು ಸೊನ್ನೆ ಹಾಕುತ್ತಿದ್ದಳು.

ಉಳಿದ ನಾಲ್ಕು ದಿನವೂ ಸಾವಿರ ದಾಟಿತು. ಆದರೂ ಸರಾಸರಿ ನಿಂತದ್ದು ಒಂಬೈನೂರ ಮೂವತ್ತನಾಲ್ಕಕ್ಕೆ. 'ಸಂಚಾರ ಸಾಲದು' ಎಂದು ಬರೆದು ಫೈಲನ್ನು ದಿಲ್ಲಿಗೆ ಕಳಿಸದೆ ಇಲ್ಲಿನ ರೈಲ್ವೆ ಕಚೇರಿಯಲ್ಲೇ ಮುಚ್ಚಿದರು. ಮುಂದಿನ ಎಣಿಕೆ ಮೂರು ವರ್ಷಕ್ಕೆ. ಹೋದ ವಾರ ಅಂಬರಾಯ ಮತ್ತೆ ಬಂದು ಅವಳ ಮನೆ ಕಟ್ಟೆಯ ಮೇಲೆ ಕುಳಿತ. "ಇನ್ನೊಂದು ರಸ್ತಾ ರೋಕೋ ಇಟ್ಕೊಳ್ಳೋಣೇನವ್ವ?"

"ಕೈ ಮುಗೀತೀನಿ ಕಾಕಾ. ಕುಂತಿದ್ದು ಸಾಕು. ನನಗ ಮೊಣಕಾಲು ಮಡಚಾಕ ಬರವಲ್ದು, ಡಬ್ಬಿ ಕೆಳಗ ಇನ್ನ ಮೂರು ವರ್ಸ ಹೆಂಗ ಹೋಗ್ಲಿ?"

ಓದುತ್ತಿರುವ ನೀವು ಈ ಗೇಟು ದಾಟುವವರಾದರೆ ಘೋಷಣೆ ಆಮೇಲೆ ಕೂಗಿ. ಈ ವರ್ಷವೇ ಮರು ಎಣಿಕೆ ಮಾಡಿ ಎಂದು ನಿಮ್ಮ ಹೆಸರಿನಲ್ಲಿ ಅರ್ಜಿ ಬರೆಯಿರಿ. ನಾಳೆ ಆ ರೈಲ್ವೆ ಕಚೇರಿ ತೆರೆಯುವ ಹೊತ್ತಿಗೆ ಒಯ್ದು ಕೊಡಿ. ನಿಮ್ಮ ಪ್ರತಿಯ ಮೇಲೆ ಅರ್ಜಿ ಮುಟ್ಟಿದ ಸೀಲು ಬೀಳುವ ತನಕ ಅಲ್ಲಿಂದ ಕದಲಬೇಡಿ.