ದಿನಕ್ಕೊಂದು ಗೇಣು ಗೋಡೆ

ಹೆಂಡತಿ ಜೊತೆ ಗೋವಾ ನೋಡಲು ಹೋದಾಗ, ಅಲ್ಲಿನ ಹಳೇ ಚರ್ಚಿಗೆ ಬಂದವರಲ್ಲಿ ನಾನೊಬ್ಬನೇ ಚಪ್ಪಲಿ ಹೊರಗೆ ಬಿಟ್ಟು ಹೋಗಿ ಕೈಮುಗಿದೆ. ದೇವರು ಎಲ್ಲಿದ್ದರೂ ದೇವರೇ. ಆದರೆ ತಲೆ ಎತ್ತಿ ಗೋಡೆಯ ಚಿತ್ರಗಳನ್ನು ನೋಡಿದಾಗ ಹೊಟ್ಟೆಯೊಳಗೆ ಕಿಚ್ಚು ಹತ್ತಿಕೊಂಡಿತು. ಹೆಣ್ಣುಮಗಳೊಬ್ಬಳು ಅಟ್ಟಣಿಗೆಯ ಮೇಲೆ ಕೂತು, ಹತ್ತಿ ಸುತ್ತಿದ ಕಡ್ಡಿಯಿಂದ ಸಂತನೊಬ್ಬನ ಪಾದದ ಕೊಳೆ ಒರೆಸುತ್ತಿದ್ದಳು.

"ಇಂಗೆ ಒರೆಸ್ತಾ ಕೂತ್ರೆ ಮುಗಿಯೋದ್ಯಾವಾಗ?" ಎಂದೆ ಹೆಂಡತಿಗೆ.

ಮೇಲಿನಿಂದ ನಗು ಕೇಳಿಸಿತು. "ದಿನಕ್ಕೊಂದು ಗೇಣು ಆದ್ರೆ ಹೆಚ್ಚು, ಯಜಮಾನ್ರೇ. ನೀವು ನಮ್ಮ ಕಡೆಯೋರಾ? ನಂದು ಪಾಂಡವಪುರ."

ನಮ್ಮ ಸೀಮೆಯ ಮಗಳು ಇವರ ಸಂತನ ಕಾಲು ಒರೆಸುತ್ತಿದ್ದಾಳೆ! ಕಿಚ್ಚು ಇನ್ನೂ ಹೆಚ್ಚಾಯಿತು.

"ಕಿಕ್ಕೇರಿ ಹತ್ರ ನಮ್ಮೂರ ಗುಡೀಲೂ ಇಂತಾ ಚಿತ್ರ ಇದ್ವು ಕಣವ್ವ."

"ಇದ್ವು ಅಂದ್ರೆ?"

"ಹಬ್ಬಕ್ಕೆ ಸುಣ್ಣ ಬಳ್ದ್‌ಬುಟ್ಟೊ." ಬಕೀಟು ಹೊತ್ತವನು ನಾನೇ ಎಂದು ಹೇಳಲಿಲ್ಲ.

"ಸುಣ್ಣ ತಾನೆ? ಅಡೀಲಿ ಅಂಗೇ ಇರ್ತವೆ, ಬಿಡಿಸಬಹುದು. ಆಯಿಲ್ ಪೇಂಟ್ ಮಾತ್ರ ಹೊಡೀಬೇಡಿ, ಅದನ್ನ ಬಿಡಿಸೋಕಾಗಲ್ಲ. ಕರೆದ್ರೆ ನಾನೇ ಬರ್ತೀನಿ."

ಈ ಸಲದ ಹಬ್ಬಕ್ಕೆ ಆಯಿಲ್ ಪೇಂಟೇ ಆಗಬೇಕೆಂದು ಊರ ಸಭೆಯಲ್ಲಿ ಹಟ ಹಿಡಿದವನೂ ನಾನೇ. ಹೊರಗೆ ಬಂದು ತಮ್ಮನಿಗೆ ಫೋನು ಮಾಡಿದೆ.

"ಲೇ, ಗುಡಿ ಪೇಂಟಿನ ಡಬ್ಬ ತೆಗೀಬ್ಯಾಡ ಕಣ್ಲಾ!"

"ಬೆಳಿಗ್ಗೆಯಿಂದ ಮೂರು ಗೋಡೆ ಮುಗಿಸ್ಬುಟ್ಟೊ ಕಣಣ್ಣ. ಸಂಜೆಯೊಳಗೆ ನಾಕ್ನೇದೂ ಆಯ್ತದೆ."

"ಅದ್ನ ಬುಡ್ಲಾ, ಮುಟ್ಟಬ್ಯಾಡ!"

ಅಂತೂ ಒಂದು ಗೋಡೆ ಉಳಿಯಿತು. ಅರ್ಧ ದಿನಕ್ಕೆ ಮೂರು ಗೋಡೆ! ನಮ್ಮವರ ಈ ಚುರುಕು ಕಂಡಿದ್ದರೆ ಆ ಚರ್ಚಿನವರೂ ಹೊಟ್ಟೆ ಉರಿದುಕೊಳ್ಳುತ್ತಿದ್ದರೇನೋ.