ಒಂದು ಮಾರು ಮಲ್ಲಿಗೆ

ಸೊರಬದ ಬಸ್‌ಸ್ಟ್ಯಾಂಡಿನ ಎದುರು ಹೂ ಮಾರುವ ಜೈಬುನ್ನೀಸಾಳಿಗೆ ಒಂದೇ ಕನಸು ಮತ್ತೆ ಮತ್ತೆ ಬೀಳುತ್ತಿತ್ತು. ಎರಡೂ ತೋಳು ಚಾಚಿ ಮಲ್ಲಿಗೆ ಅಳೆಯುತ್ತಿದ್ದಾಳೆ. ಮಾಲೆ ಶಿಕಾರಿಪುರದವರೆಗೂ ಹಬ್ಬಿದರೂ ತೋಳು ಚಾಚಿಕೊಳ್ಳುತ್ತಲೇ ಇದೆ. ಎಚ್ಚರಾದರೆ ಬಲಗೈ ಎದೆಯ ಹತ್ತಿರವೇ ಮಡಚಿಕೊಂಡಿರುತ್ತಿತ್ತು.

ಶಿಕಾರಿಪುರದಿಂದ ಹೂ ತರುವಾಗ ಬಸ್ಸಿನ ಮೆಟ್ಟಿಲಲ್ಲಿ ಜಾರಿ ಬಲ ಮೊಣಕೈ ಮುರಿದಿತ್ತು. ಮೂಳೆ ಕೂಡಿತು, ಪಟ್ಟಿ ಬಿಚ್ಚಿದರು, ಕೈ ಮಾತ್ರ ನೆಟ್ಟಗಾಗಲಿಲ್ಲ. ಹೀಗೇ ಉಳಿದುಬಿಟ್ಟರೆ ಎಂಬ ಭಯ ಅವಳಿಗೆ.

"ಎಣ್ಣೆ ತಿಕ್ಕಿಸಬೇಡಿ, ಯಾರ ಕೈಲೂ ಎಳೆಸಬೇಡಿ. ದಿನಾ ನೀವೇ ಸ್ವಲ್ಪ ಸ್ವಲ್ಪ ಚಾಚಿ," ಎಂದಿದ್ದರು ಡಾಕ್ಟರು.

ಮೊಳ ಹಾಕಲು ಮಡಚಿದ ಕೈಯೇ ಸಾಕು. ಮಾರು ಹಾಕಲು ಎರಡೂ ಕೈ ಪೂರ್ತಿ ಚಾಚಬೇಕು. ತನ್ನ ಮಾರು ಒಂದು ಗೇಣು ಕಮ್ಮಿ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಅಷ್ಟನ್ನೂ ಸೇರಿಸಿಯೇ ಕತ್ತರಿಸುತ್ತಿದ್ದಳು. ಗಿರಾಕಿಗಳು ಅದನ್ನು ಕೊಸರು ಎಂದುಕೊಂಡರು. ಪ್ರತಿ ಮಾರಿಗೂ ನೋವು ಶುರುವಾಗುವ ಕಡೆ ಒಂದು ಉಸಿರು ನಿಂತು, ಕೈ ಇಳಿಸುತ್ತಿದ್ದಳು. ದಿನ ಹೋದಂತೆ ಗೇಣಿನ ಕೊರತೆ ನಾಲ್ಕು ಬೆರಳಾಯಿತು, ಆಮೇಲೆ ಎರಡು.

ಆ ಶುಕ್ರವಾರ ಕುಪ್ಪಗಡ್ಡೆಯ ಜ್ಯೋತಿಲಕ್ಷ್ಮಿ ಎಂದಿನಂತೆ ಹೂವಿಗೆ ಬಂದಳು. ಜೈಬುನ್ನೀಸಾ ಮಾಲೆ ಹಿಡಿದು ತೋಳು ಚಾಚಿದಳು. ಕೈ ಕನಸಿನಲ್ಲಿ ಹೋದ ಹಾಗೆ ಹೋಗಿ ಪಕ್ಕದ ಅಂಗಡಿಯ ಕಂಬ ಮುಟ್ಟಿತು. ಕೈ ಮುರಿಯುವ ಮೊದಲು ದಿನವೂ ಮುಟ್ಟುತ್ತಿದ್ದ ಕಂಬ ಅದು. ಅಲ್ಲಿಗೇ ಕತ್ತರಿಸಿದಳು.

"ಎಂತಕ್ಕ, ಕೊಸರೆಲ್ಲಿ?" ಎಂದಳು ಜ್ಯೋತಿಲಕ್ಷ್ಮಿ.

"ಕೈ ನೆಟ್ಟಗಾತಲ್ರೀ, ಇನ್ನೆಲ್ಲಿ ಕೊಸರು!"

"ಅಯ್ಯೋ, ಸೊಟ್ಟ ಕೈಯೇ ಚಲೋ ಇತ್ತು ಮಾರಾಯ್ತಿ! ಎಲ್ಲಿ, ಇನ್ನೊಂದ್ಸಲ ತೋರ್ಸು."

ಜೈಬುನ್ನೀಸಾ ಇನ್ನೊಮ್ಮೆ ಚಾಚಿದಳು, ಈ ಸಲ ಹೂವಿಲ್ಲದೆ.